ವಿದ್ವಾಂಸನೂ ಶಾಸನಸಭೆಯೂ

ವಿದ್ಯಾವಂತನು ಅಧಿಕಾರದ ಬಾಗಿಲಿಗೆ ಹೋಗಬಹುದೆ ಎಂಬ ಪ್ರಶ್ನೆ ನಮ್ಮ ಧರ್ಮವಿಚಾರದಲ್ಲಿ ಬಹು ಹಳೆಯದು. ಅರಮನೆಯ ನೆರಳು ಬಿದ್ದೊಡನೆ ಅರಿವು ಮಲಿನವಾಗುವುದೆಂದು ಅಂಜಿ ಅಡವಿಯನ್ನು ಹೊಕ್ಕವರ ಪರಂಪರೆಯೊಂದು ನಮ್ಮಲ್ಲಿದೆ. ತಿಳಿದವನು ತಿಳಿಹೇಳದೆ ಸುಮ್ಮನಿದ್ದರೆ ಆಳುವವನ ಪಾಪದಲ್ಲಿ ಅವನಿಗೂ ಪಾಲುಂಟೆಂದು ನಂಬಿ ಆಸ್ಥಾನದಲ್ಲಿ ನಿಂತವರ ಪರಂಪರೆಯೂ ಅಷ್ಟೇ ಪ್ರಾಚೀನವಾದುದು. ಅರಸನಿದ್ದ ಎಡೆಗೆ ಈಗ ಶಾಸನಸಭೆ ಬಂದಿರುವುದರಿಂದ ಪ್ರಶ್ನೆ ಸುಲಭವಾಯಿತೆಂದು ಕೆಲವರು ಭಾವಿಸಿಯಾರು. ನನಗೆ ಹಾಗೆ ತೋರದು. ಉಪಾಧ್ಯಾಯನಾಗಲಿ, ವೈದ್ಯನಾಗಲಿ, ವಕೀಲನಾಗಲಿ ಮನವಿಪತ್ರವನ್ನು ಹಿಡಿದು ಶಾಸಕನ ಮುಂದೆ ನಿಂತಾಗ, ಆ ಕಾಗದದಲ್ಲಿ ಮಾತನಾಡುತ್ತಿರುವುದು ತನ್ನ ವಿದ್ಯೆಯೋ ತನ್ನ ಪ್ರಯೋಜನವೋ ಎಂಬುದು ಎಷ್ಟೋ ವೇಳೆ ಅವನಿಗೇ ಸ್ಪಷ್ಟವಾಗಿರುವುದಿಲ್ಲ.

ಉದ್ಯೋಗಪರ್ವದ ಆ ದೀರ್ಘರಾತ್ರಿಯನ್ನು ನೆನೆಯೋಣ. ಪಾಂಡವರ ಬಳಿಯಿಂದ ಮರಳಿದ ಸಂಜಯನು ಅವರ ಸಂದೇಶವನ್ನು ನಾಳೆ ಸಭೆಯಲ್ಲಿ ಹೇಳುವೆನೆಂದು ಹೊರಟುಹೋದ ಮೇಲೆ, ನಿದ್ರೆ ಬಾರದ ಧೃತರಾಷ್ಟ್ರನು ವಿದುರನನ್ನು ಕರೆಸಿಕೊಂಡು ಅವನಿಂದ ನೀತಿಯನ್ನು ಕೇಳುತ್ತಾನೆ. ಪಾಂಡವರ ಪಾಲನ್ನು ಪಾಂಡವರಿಗೆ ಕೊಡಬೇಕೆಂಬುದನ್ನು ವಿದುರನು ಮುಚ್ಚುಮರೆಯಿಲ್ಲದೆ ಹೇಳುತ್ತಾನೆ. ಅಧ್ಯಾತ್ಮದ ಮಾತು ಬಂದಾಗ, ಅದು ತನ್ನ ಅಧಿಕಾರಕ್ಕೆ ಹೊರಗಾದುದೆಂದು ಬಗೆದು, ಸನತ್ಸುಜಾತನನ್ನು ಬರಮಾಡಿಕೊಂಡು ತಾನು ಹಿಂದೆ ಸರಿಯುತ್ತಾನೆ. ಅದಕ್ಕೆ ಅವನು ಕೊಟ್ಟ ಕಾರಣ ಅವನ ಹುಟ್ಟು. ಆ ಕಾರಣವನ್ನು ನಾವು ಇಂದು ಒಪ್ಪಲಾರೆವು. ಆದರೂ ತಾನು ಎಲ್ಲಿಯವರೆಗೆ ಮಾತನಾಡಬಲ್ಲೆನೆಂಬುದನ್ನು ನಿರ್ಣಯಿಸಿಕೊಂಡು ಅಲ್ಲಿ ನಿಲ್ಲುವ ಸಂಯಮ ಈ ಕಾಲದ ತಜ್ಞರಲ್ಲಿ ವಿರಳ. ಇಷ್ಟಾಗಿ ಫಲವೇನಾಯಿತು? ನಿನ್ನ ಮಾತನ್ನು ಕೇಳುವಾಗ ನನ್ನ ಮನಸ್ಸು ಪಾಂಡವರ ಕಡೆಗೇ ಒಲಿಯುತ್ತದೆ, ದುರ್ಯೋಧನನನ್ನು ಕಂಡೊಡನೆ ತಿರುಗಿಬಿಡುತ್ತದೆ ಎಂಬರ್ಥದ ಮಾತನ್ನು ಕುರುಡು ದೊರೆ ನಾಚಿಕೆಯಿಲ್ಲದೆ ಆಡುತ್ತಾನೆ. ಮನವಿ ಹೊತ್ತು ಮಂತ್ರಿಗಳ ಮನೆಗೆ ಹೋಗಿಬಂದವರಿಗೆ ಈ ಉತ್ತರ ಹೊಸದಲ್ಲ.

ವಿದುರನ ನೀತಿಯಲ್ಲಿ ಲೋಪವಿರಲಿಲ್ಲ. ಅದನ್ನು ಕೇಳಿದ ಎಡೆಯಲ್ಲಿ ಲೋಪವಿತ್ತು. ರಾತ್ರಿ ಏಕಾಂತದಲ್ಲಿ ಹೇಳಿದ ಸತ್ಯಕ್ಕೆ ಸಾಕ್ಷಿಗಳಿಲ್ಲ. ಸಾಕ್ಷಿಯಿಲ್ಲದೆ ಒಪ್ಪಿದವನಿಗೆ ಬೆಳಗಾದ ಮೇಲೆ ಹೊಣೆಯಿಲ್ಲ. ಆದುದರಿಂದ ಪ್ರಜಾಪ್ರಭುತ್ವದಲ್ಲಿ ವಿದ್ವಾಂಸನು ಶಾಸಕನ ಬಳಿಗೆ ಹೋಗುವುದು ಧರ್ಮವೆ ಎಂದು ಕೇಳುವುದಕ್ಕಿಂತ, ಯಾವ ಹೊತ್ತಿನಲ್ಲಿ, ಯಾರ ಕಣ್ಣೆದುರಿಗೆ ಹೋಗುವುದು ಧರ್ಮ ಎಂದು ಕೇಳುವುದೇ ಉಚಿತವೆಂದು ನನ್ನ ಮತ.

ಇಲ್ಲಿ ಗೋಪಾಲಕೃಷ್ಣ ಗೋಖಲೆಯವರು ನೆನಪಾಗುತ್ತಾರೆ. ಪುಣೆಯ ಫರ್ಗುಸನ್ ಕಾಲೇಜಿನಲ್ಲಿ ವರ್ಷಾನುವರ್ಷ ಪಾಠ ಹೇಳಿದವರು, ಮಕ್ಕಳಿಗಾಗಿ ಅಂಕಗಣಿತದ ಪಠ್ಯಪುಸ್ತಕ ಬರೆದವರು, 1897ರಲ್ಲಿ ಲಂಡನಿನ ವೆಲ್ಬಿ ಆಯೋಗದ ಮುಂದೆ ಸಾಕ್ಷಿಯಾಗಿ ನಿಂತು ಭಾರತದ ಆಯವ್ಯಯದ ವಿಷಯದಲ್ಲಿ ಪಾಟೀಸವಾಲನ್ನು ಎದುರಿಸಿದವರು. ಅವರು 1911ರ ಮಾರ್ಚಿಯಲ್ಲಿ ವೈಸರಾಯರ ಶಾಸನಸಭೆಯಲ್ಲಿ ಪ್ರಾಥಮಿಕ ಶಿಕ್ಷಣದ ವಿಧೇಯಕವನ್ನು ಮಂಡಿಸಿದರು. ಅದರಲ್ಲಿ ಕೇಳಿದ್ದಾದರೂ ಎಷ್ಟು? ಆರರಿಂದ ಹತ್ತು ವಯಸ್ಸಿನ ಬಾಲಕರಿಗೆ ಮಾತ್ರ ಕಡ್ಡಾಯ. ಅದೂ ಈಗಾಗಲೇ ಒಂದು ಪ್ರಮಾಣದ ಮಕ್ಕಳು ಶಾಲೆಗೆ ಬರುತ್ತಿರುವ ಪ್ರದೇಶಗಳಲ್ಲಿ, ಸ್ಥಳೀಯ ಸಂಸ್ಥೆಗಳು ಬಯಸಿದರೆ, ಸರ್ಕಾರ ಅನುಮತಿಸಿದರೆ. ವೆಚ್ಚದಲ್ಲಿ ಮೂರರಲ್ಲಿ ಎರಡು ಪಾಲು ಸರ್ಕಾರದ್ದು, ಒಂದು ಪಾಲು ಸ್ಥಳೀಯ ಸಂಸ್ಥೆಯದು. ತಿಂಗಳಿಗೆ ಹತ್ತು ರೂಪಾಯಿಗೆ ಕಡಿಮೆ ಗಳಿಸುವ ತಂದೆಯಿಂದ ಶುಲ್ಕವಿಲ್ಲ. ಲೆಕ್ಕ ಗೊತ್ತಿದ್ದ ಮೇಷ್ಟರ ಬೇಡಿಕೆ ಇದು: ಎದುರಾಳಿ ಎತ್ತಬಹುದಾದ ಆಕ್ಷೇಪಗಳನ್ನೆಲ್ಲ ಮೊದಲೇ ಎಣಿಸಿ, ಪ್ರತಿಯೊಂದಕ್ಕೂ ಷರತ್ತಿನ ರೂಪದಲ್ಲಿ ಉತ್ತರವನ್ನಿಟ್ಟು ಬರೆದದ್ದು. ವಿಧೇಯಕವು ಅಭಿಪ್ರಾಯಕ್ಕಾಗಿ ಪ್ರಾಂತ ಸರ್ಕಾರಗಳಿಗೂ ಸಾರ್ವಜನಿಕ ಸಂಸ್ಥೆಗಳಿಗೂ ಹೋಗಿ ಒಂದು ವರ್ಷ ದೇಶದ ಚರ್ಚೆಗೆ ಒಳಗಾಯಿತು. 1912ರ ಮಾರ್ಚಿಯಲ್ಲಿ ಅದನ್ನು ಸಮಿತಿಗೆ ಒಪ್ಪಿಸಬೇಕೆಂಬ ಸೂಚನೆ 13 ಮತಗಳ ಎದುರು 38 ಮತಗಳಿಂದ ಬಿದ್ದುಹೋಯಿತು. ಭಾರತೀಯ ಸದಸ್ಯರಲ್ಲಿಯೇ ಕೆಲವರು ವಿರೋಧಿಸಿದರು. ಸಂಜೆಯೊಳಗೆ ಸೋಲು ಖಚಿತವೆಂಬುದನ್ನು ಬಲ್ಲವರಾಗಿಯೇ ಗೋಖಲೆಯವರು ಅಂದು ಭಾಷಣ ಮಾಡಿದರು.

ಕರ್ಮಫಲದ ವಿಷಯವಾಗಿ ನಾವು ಉಪನ್ಯಾಸಗಳಲ್ಲಿ ಹೇಳುವ ಮಾತುಗಳೆಲ್ಲ ಇಂತಹ ಸಂದರ್ಭದಲ್ಲಿ ಪರೀಕ್ಷೆಗೆ ಬರುತ್ತವೆ. ಬ್ರಿಟಿಷ್ ಭಾರತದಲ್ಲಿ ತಿರಸ್ಕೃತವಾದ ತತ್ತ್ವವನ್ನು ಮೈಸೂರು ಸಂಸ್ಥಾನವು 1913ರ ಪ್ರಾಥಮಿಕ ಶಿಕ್ಷಣದ ನಿಬಂಧನೆಯ ಮೂಲಕ ಆಯ್ದ ಕೇಂದ್ರಗಳಲ್ಲಿ ಕೈಗೆತ್ತಿಕೊಂಡಿತು. ದೇಶದ ಮಟ್ಟದಲ್ಲಿ ಅದು ಮೂಲಭೂತ ಹಕ್ಕಿನ ಕಾಯಿದೆಯಾಗಿ ಜಾರಿಗೆ ಬಂದುದು 2010ರ ಏಪ್ರಿಲ್ 1ರಂದು. ಇದನ್ನು ಗೋಖಲೆಯವರ ಗೆಲುವೆಂದು ಸಂಭ್ರಮಿಸುವುದು ನನಗೆ ಸರಿದೋರದು, ಏಕೆಂದರೆ ನಡುವಣ ತೊಂಬತ್ತೆಂಟು ವರ್ಷಗಳಲ್ಲಿ ಓದು ಕಾಣದೆ ಹೋದವರಿಗೆ ಆ ಗೆಲುವಿನಲ್ಲಿ ಪಾಲಿಲ್ಲ. ಆದರೆ ಅವರ ವಾದ ಅಚ್ಚಾಗಿ ಕಡತದಲ್ಲಿ ಉಳಿದದ್ದರಿಂದ ಮುಂದಿನವರು ಮೊದಲಿನಿಂದ ತೊಡಗಬೇಕಾಗಲಿಲ್ಲ. ಗೋಖಲೆಯವರ ಚರಿತ್ರೆಯನ್ನು ಕನ್ನಡಕ್ಕೆ ತಂದ ಡಿ. ವಿ. ಗುಂಡಪ್ಪನವರು 1945ರಲ್ಲಿ ಬೆಂಗಳೂರಿನಲ್ಲಿ ಅವರ ಹೆಸರಿನ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಸ್ಥಾಪಿಸಿದುದು, ರಾಜ್ಯವಿಷಯದಲ್ಲಿ ಮಾತನಾಡುವುದಕ್ಕೂ ಅಧ್ಯಯನ ಬೇಕೆಂಬ ನಂಬಿಕೆಯಿಂದಲೇ.

ಇನ್ನು ಪ್ರಯೋಜನದ ಮಾತು. ಬೃಹದಾರಣ್ಯಕದಲ್ಲಿ ಜನಕರಾಜನು ಕೊಂಬುಗಳಿಗೆ ಚಿನ್ನ ಕಟ್ಟಿದ ಸಾವಿರ ಹಸುಗಳನ್ನು ಬ್ರಹ್ಮಿಷ್ಠನಾದವನು ಹೊಡೆದುಕೊಂಡು ಹೋಗಲೆಂದು ನಿಲ್ಲಿಸಿದಾಗ, ಯಾಜ್ಞವಲ್ಕ್ಯರು ವಾದಕ್ಕೆ ಮೊದಲೇ ಶಿಷ್ಯನಿಗೆ ಹಸುಗಳನ್ನು ಹೊಡೆಯಲು ಹೇಳುತ್ತಾರೆ. ನೀನೇ ಬ್ರಹ್ಮಿಷ್ಠನೋ ಎಂದು ಕೇಳಿದವರಿಗೆ, ಬ್ರಹ್ಮಿಷ್ಠನಿಗೆ ನಮಸ್ಕಾರ, ನಮಗೆ ಬೇಕಾದುದು ಹಸುಗಳು ಎನ್ನುತ್ತಾರೆ. ಆಮೇಲೆ ಒಬ್ಬೊಬ್ಬರ ಪ್ರಶ್ನೆಗೂ ಉತ್ತರ ಕೊಡುತ್ತಾರೆ. ಈ ಪ್ರಾಮಾಣಿಕತೆ ನನಗೆ ಬಹಳ ಇಷ್ಟ. ನಮ್ಮ ವಿಧಾನ ಪರಿಷತ್ತಿನ 75 ಸ್ಥಾನಗಳಲ್ಲಿ 7 ಶಿಕ್ಷಕರ ಕ್ಷೇತ್ರಗಳು, 7 ಪದವೀಧರರ ಕ್ಷೇತ್ರಗಳು. ಶಿಕ್ಷಕರ ಪ್ರತಿನಿಧಿಗಳು ವೇತನಶ್ರೇಣಿ, ಅನುದಾನ, ಪಿಂಚಣಿಗಳನ್ನೇ ಹೆಚ್ಚಾಗಿ ಮಾತನಾಡುವರೆಂದು ಆಕ್ಷೇಪಿಸುವವರುಂಟು. ಹೊಟ್ಟೆಯ ಮಾತನ್ನು ಹೊಟ್ಟೆಯ ಮಾತೆಂದೇ ಆಡುವುದರಲ್ಲಿ ದೋಷವಿಲ್ಲ. ಮಗುವಿನ ಹಿತವೆಂಬ ಹೆಸರಿನಲ್ಲಿ ಅದನ್ನು ಆಡುವುದು ದೋಷ. ಸರ್ಕಾರಿ ನೌಕರನು ತನ್ನ ಸೇವಾವಿಷಯಕ್ಕೆ ರಾಜಕೀಯ ಪ್ರಭಾವವನ್ನು ತರಕೂಡದೆಂದು ನಡತೆಯ ನಿಯಮಗಳು ಹೇಳುತ್ತವೆ. ಆದರೂ ಶಾಸಕರ ಮನೆಯ ಜಗಲಿಯಲ್ಲಿ ಕೈಬದಲಾಗುವ ಕಾಗದಗಳಲ್ಲಿ ವರ್ಗಾವಣೆಯ ಅರ್ಜಿಗಳೆಷ್ಟು, ಪಠ್ಯಕ್ರಮದ ವಿಚಾರಗಳೆಷ್ಟು ಎಂಬುದನ್ನು ಅಲ್ಲಿ ಕುಳಿತವರೆಲ್ಲ ಬಲ್ಲರು.

2017ರ ನವೆಂಬರಿನಲ್ಲಿ ಬೆಳಗಾವಿ ಅಧಿವೇಶನದ ಕಾಲಕ್ಕೆ, ಖಾಸಗಿ ವೈದ್ಯಕೀಯ ಸಂಸ್ಥೆಗಳ ತಿದ್ದುಪಡಿ ವಿಧೇಯಕವನ್ನು ವಿರೋಧಿಸಿ ನಮ್ಮ ಖಾಸಗಿ ವೈದ್ಯರು ಹೊರರೋಗಿ ವಿಭಾಗಗಳನ್ನು ಮುಚ್ಚಿದರು. ವಿಧೇಯಕವು ಮೃದುವಾದ ರೂಪದಲ್ಲಿ ಅಂಗೀಕೃತವಾಯಿತು. ಅವರ ಆಕ್ಷೇಪಗಳಲ್ಲಿ ವಿಚಾರಕ್ಕೆ ತಕ್ಕವೂ ಇದ್ದಿರಬಹುದು. ಆದರೆ ಬಾಗಿಲು ಹಾಕಿದ ಚಿಕಿತ್ಸಾಲಯದ ಮುಂದೆ ನಿಂತ ರೋಗಿಗೆ ಆ ವಿಚಾರದಲ್ಲಿ ಸ್ಥಾನವಿರಲಿಲ್ಲ. ವಿದ್ಯೆ ಅಲ್ಲಿ ವಾದವಾಗುವುದನ್ನು ಬಿಟ್ಟು ಬಲವಾಯಿತು.

ಹಗಲಿನ ಮಾರ್ಗಗಳು ಇಲ್ಲದೆ ಇಲ್ಲ. ಸಂಸತ್ತಿನ ಇಲಾಖಾವಾರು ಸ್ಥಾಯಿ ಸಮಿತಿಗಳು 1993ರಿಂದ ಇವೆ. ಅವು ವಿಧೇಯಕಗಳ ಮೇಲೆ ಸಾರ್ವಜನಿಕರಿಂದ ಲಿಖಿತ ಅಭಿಪ್ರಾಯವನ್ನು ಕರೆಯುತ್ತವೆ. ಕರಡನ್ನು ಕನಿಷ್ಠ ಮೂವತ್ತು ದಿನ ಜನರ ಮುಂದಿಡಬೇಕೆಂದು ಕೇಂದ್ರ ಸರ್ಕಾರವು 2014ರಲ್ಲಿ ನೀತಿಯೊಂದನ್ನು ಮಾಡಿತು. ಅದರ ಪಾಲನೆ ಮನಸ್ಸು ಬಂದಂತೆ. ಪ್ರಶ್ನೋತ್ತರದ ವೇಳೆಯಲ್ಲಿ ಶಾಸಕನು ಕೇಳುವ ಒಂದು ಪ್ರಶ್ನೆಗೆ ಆಧಾರವಾಗಬಲ್ಲ ಅಂಕಿಅಂಶ ಎಷ್ಟೋ ವೇಳೆ ಹಳ್ಳಿಯ ಮುಖ್ಯೋಪಾಧ್ಯಾಯನ ಹಾಜರಿ ಪುಸ್ತಕದಲ್ಲಿಯೇ ಇರುತ್ತದೆ.

ಆದರೆ ಆ ಮುಖ್ಯೋಪಾಧ್ಯಾಯನ ಸ್ಥಿತಿಯನ್ನು ನೋಡಿ. ಸಂವಿಧಾನದ 171ನೆಯ ಅನುಚ್ಛೇದದಂತೆ ಶಿಕ್ಷಕರ ಕ್ಷೇತ್ರದಲ್ಲಿ ಮತವಿರುವುದು ಮಾಧ್ಯಮಿಕ ಶಾಲೆಗಿಂತ ಕಡಿಮೆಯಲ್ಲದ ಸಂಸ್ಥೆಗಳಲ್ಲಿ ಪಾಠ ಹೇಳುವವರಿಗೆ ಮಾತ್ರ. ಗೋಖಲೆಯವರ ವಿಧೇಯಕ ಯಾವ ಶಾಲೆಗಾಗಿ ಹುಟ್ಟಿತೋ ಆ ಶಾಲೆಯಲ್ಲಿ ಅಕ್ಷರ ತಿದ್ದಿಸುವವರು ಪದವೀಧರರಾದರೆ ಪದವೀಧರರ ಪಟ್ಟಿಗೆ ಸೇರಬಹುದು. ಶಿಕ್ಷಕರೆಂಬ ಹೆಸರಿನಿಂದ ಅವರಿಗೆ ಪರಿಷತ್ತಿನ ಮತವಿಲ್ಲ. ಇದನ್ನು ತಿದ್ದಲು ಸಂವಿಧಾನವನ್ನೇ ತಿದ್ದಬೇಕಾದುದೂ ಇಲ್ಲ. ಸಂಸತ್ತು ಕಾನೂನಿನ ಮೂಲಕ ಬೇರೆ ರೀತಿ ಗೊತ್ತುಮಾಡುವವರೆಗೆ ಮಾತ್ರ ಈ ರಚನೆ ಎಂದು ಅದೇ ಅನುಚ್ಛೇದದ ಎರಡನೆಯ ಖಂಡ ಹೇಳುತ್ತದೆ. ಮತವುಳ್ಳ ಪ್ರೌಢಶಾಲೆಯ ಹಾಗೂ ಕಾಲೇಜಿನ ಉಪಾಧ್ಯಾಯರು ಮತವಿಲ್ಲದ ತಮ್ಮ ಸಹೋದ್ಯೋಗಿಗಳ ಪರವಾಗಿ ಈ ಒಂದು ಬೇಡಿಕೆಯನ್ನು ಸಂಸತ್ತಿನ ಸದಸ್ಯರ ಮುಂದಿಟ್ಟರೆ, ಅದರಲ್ಲಿ ಅವರಿಗೆ ಬರತಕ್ಕ ಹಸು ಒಂದೂ ಇರುವುದಿಲ್ಲ.