ಪ್ರಾಣತ್ಯಾಗವೂ ಪ್ರಾಣಬಂಧನವೂ

ಶರೀರವು ಶಿವನಿತ್ತ ಒಡವೆ. ಅದನ್ನು ತನ್ನ ಇಚ್ಛೆಯಂತೆ ಒಡೆದುಹಾಕುವ ಅಧಿಕಾರವು ಭಕ್ತನಿಗಿಲ್ಲ. ಆದರೆ ಕೊಟ್ಟವನು ಮರಳಿ ಕೇಳುತ್ತಿರುವಾಗ ಅದನ್ನು ಯಂತ್ರಕ್ಕೆ ಬಿಗಿದು ಹಿಡಿದುಕೊಳ್ಳುವ ಅಧಿಕಾರವಾದರೂ ಉಂಟೇ? ನವಲಗುಂದ, ಅಣ್ಣಿಗೇರಿಗಳ ಕಡೆಯ ಗೃಹಸ್ಥನು ಮುಪ್ಪಿನ ತಂದೆಯನ್ನು ಹುಬ್ಬಳ್ಳಿಯ ಆಸ್ಪತ್ರೆಗೆ ಒಯ್ದು, ಉಸಿರಾಟದ ಯಂತ್ರವಿರುವ ಕೋಣೆಯ ಹೊರಗೆ ನಿಂತಾಗ ಈ ಪ್ರಶ್ನೆಯು ಬರಿಯ ಶಾಸ್ತ್ರಚರ್ಚೆಯಾಗಿ ಉಳಿಯುವುದಿಲ್ಲ.

ದಾವಣಗೆರೆಯ ನಿವೃತ್ತ ಶಿಕ್ಷಕಿ ಕರಿಬಸಮ್ಮನವರು ಘನತೆಯ ಮರಣದ ಹಕ್ಕಿಗಾಗಿ ಎರಡು ದಶಕಗಳಿಗೂ ಮಿಗಿಲಾಗಿ ಹೋರಾಡಿದರು. ಗುಣವಾಗುವ ಆಸೆಯಿಲ್ಲದ ರೋಗಿಗೆ ಜೀವರಕ್ಷಕ ಚಿಕಿತ್ಸೆಯನ್ನು ನಿಲ್ಲಿಸಲು ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ಅವಕಾಶವಿತ್ತಿತು. 2023ರಲ್ಲಿ ಕ್ರಮವನ್ನು ಸುಲಭಗೊಳಿಸಿತು. 2025ರ ಜನವರಿಯಲ್ಲಿ ಕರ್ನಾಟಕ ಸರಕಾರವು ಅದಕ್ಕನುಗುಣವಾಗಿ ಸುತ್ತೋಲೆ ಹೊರಡಿಸಿತು. ಮೂವರು ವೈದ್ಯರಿರುವ ಎರಡು ಮಂಡಳಿಗಳೂ ಬಂಧುಗಳೂ ಒಪ್ಪಬೇಕು. ಮದ್ದು ಚುಚ್ಚಿ ಪ್ರಾಣ ತೆಗೆಯುವುದನ್ನು ಕಾನೂನು ಒಪ್ಪಿಲ್ಲ.

ಇದನ್ನೂ ಆತ್ಮಹತ್ಯೆಯೆಂದು ಬಗೆಯುವವರುಂಟು. ಅದು ಸಲ್ಲದು. ಉರಿಯುವ ಹಣತೆಯನ್ನು ಊದಿ ನಂದಿಸುವುದು ಬೇರೆ. ಎಣ್ಣೆ ತೀರಿದ ಬತ್ತಿಯನ್ನು ಕೆದಕಿ ಕೆದಕಿ ಸುಡದಿರುವುದು ಬೇರೆ. ವಿಜಯಪುರದ ಸಿದ್ಧೇಶ್ವರ ಸ್ವಾಮಿಗಳು 2023ರ ಜನವರಿ 2ರಂದು ಲಿಂಗೈಕ್ಯರಾದುದು ಜ್ಞಾನಯೋಗಾಶ್ರಮದಲ್ಲಿಯೇ. ದೇಹವನ್ನು ದಹಿಸಬೇಕು, ಸ್ಮಾರಕ ಕೂಡದು ಎಂಬುದನ್ನು ಅವರು 2014ರಲ್ಲಿಯೇ ಬರೆದಿರಿಸಿದ್ದರು. ಅವರು ವಿರಕ್ತರು, ನಿಜ. ಆದರೆ ತನ್ನ ಕೊನೆಯ ಮಾತನ್ನು ಬುದ್ಧಿ ತಿಳಿಯಾಗಿರುವಾಗಲೇ ಬರೆದಿಡುವುದು ಸಂಸಾರಿಗೂ ಅಸಾಧ್ಯವಲ್ಲ: ಯಾವ ಚಿಕಿತ್ಸೆ ಬೇಡವೆಂಬುದನ್ನು ಇಬ್ಬರು ಸಾಕ್ಷಿಗಳ ಮುಂದೆ ಬರೆದು, ನೋಟರಿಯಿಂದಲೋ ಪತ್ರಾಂಕಿತ ಅಧಿಕಾರಿಯಿಂದಲೋ ದೃಢಪಡಿಸಿಕೊಳ್ಳಬಹುದು.

ಅಂಜಿಕೆಯಿರುವುದು ಬೇರೆಡೆಯಲ್ಲಿ. "ಸಾಕಾತು, ನನ್ನ ಕಳಿಸಿಬಿಡ್ರಿ" ಎನ್ನುವ ಮುದುಕಿಯ ಮಾತು ಎಲ್ಲಿಂದ ಹುಟ್ಟಿತು? ನೋವಿನಿಂದಲೋ, ಸೊಸೆಗೆ ಹೊರೆಯಾದೆನೆಂಬ ನಾಚಿಕೆಯಿಂದಲೋ, ಹೊಲದ ಪಾಲಿಗೆ ಕಾದು ಕುಳಿತವರ ಮೋರೆ ನೋಡಿಯೋ? ನೋವಿಗಾದರೆ ಮದ್ದುಂಟು, ವೈದ್ಯರ ಅಂಕೆಯಲ್ಲಿ ಕೊಡುವ ಮಾರ್ಫಿನ್ ಕ್ಯಾನ್ಸರಿನ ಕಡುನೋವನ್ನೂ ಬಹುಮಟ್ಟಿಗೆ ತಗ್ಗಿಸುತ್ತದೆ. ಬೆಂಗಳೂರಿನ ಕರುಣಾಶ್ರಯವು ಅಂತಹ ರೋಗಿಗಳನ್ನು ಹಣ ಪಡೆಯದೆ ಕೊನೆಯವರೆಗೆ ನೋಡಿಕೊಳ್ಳುತ್ತದೆ. ಕುಂದಗೋಳದ ಹಳ್ಳಿಗೆ ಅದು ದೂರದ ಮಾತು. ಆದಕಾರಣ ಮಗ್ಗುಲು ಹೊರಳಿಸುವುದು, ಒಣಗಿದ ತುಟಿಗೆ ನೀರು ಸವರುವುದು, ಬೆನ್ನಿನ ಹುಣ್ಣನ್ನು ತೊಳೆಯುವುದು ಮನೆಯವರ ಪಾಲಿನ ದಾಸೋಹವೇ ಸರಿ. ಜಂಗಮನಿಗೆ ಪ್ರಸಾದ ನೀಡುವ ಕೈಯೇ ಇದಕ್ಕೆ ಹೇಸಿದರೆ ಅಲ್ಲಿ ದಾಸೋಹವೆಲ್ಲಿ ಬಂತು?

ನೋವು ತಗ್ಗಿ, ನಾಚಿಕೆ ಕಳೆದು, ಎಲ್ಲರೂ ಹತ್ತಿರ ಕುಳಿತ ಮೇಲೆಯೂ ಆ ತಾಯಿ ಯಂತ್ರ ಬೇಡವೆಂದರೆ, ಆಗ ಆ ಮಾತನ್ನು ಕಾಗದಕ್ಕೆ ಇಳಿಸಬಹುದು.