ಜರಡಿಯ ಕೀರ್ತಿ

ಫಲವನ್ನು ಕಂಡೊಡನೆ ಅದರ ಪಕ್ಕದಲ್ಲಿರುವ ವಸ್ತುವನ್ನೇ ಕಾರಣವೆಂದು ಬಗೆಯುವುದು ಮನುಷ್ಯಸ್ವಭಾವ. ನಮ್ಮ ಶಾಸ್ತ್ರಕಾರರು ಉಪಾದಾನವನ್ನೂ ನಿಮಿತ್ತವನ್ನೂ ಬೇರೆಬೇರೆಯಾಗಿ ವಿವರಿಸಿದ್ದು ಇಂಥ ಅವಸರದ ಬುದ್ಧಿಗೆ ಕಡಿವಾಣ ತೊಡಿಸಲೆಂದೇ ಇರಬೇಕು. ಮಡಕೆಗೆ ಮಣ್ಣು ಉಪಾದಾನ, ಕುಂಬಾರನೂ ಚಕ್ರವೂ ನಿಮಿತ್ತ. ಈ ವಿವೇಕವನ್ನು ಶಿಕ್ಷಣದ ವಿಷಯದಲ್ಲಿ ಮರೆಯುವಷ್ಟು ಬೇರೆಲ್ಲಿಯೂ ನಾವು ಮರೆಯುವುದಿಲ್ಲ. ಹೆಸರಾಂತ ಶಾಲೆಯ ಮಕ್ಕಳು ಹೆಸರಾಂತ ಕಾಲೇಜುಗಳನ್ನು ಸೇರಿದರೆ, ಶಾಲೆಯೇ ಅವರನ್ನು ಅಲ್ಲಿಗೆ ಮುಟ್ಟಿಸಿತೆಂದು ನಿಸ್ಸಂಶಯವಾಗಿ ಹೇಳಿಬಿಡುತ್ತೇವೆ. ಈ ಮಾತು ನಿಜವೇ? ನಿಜವಲ್ಲದಿದ್ದರೆ ಅದರಿಂದ ನೋಯುವವರು ಯಾರು?

ಇದನ್ನು ವಿಚಾರಮಾಡಲು ಅಮೆರಿಕದ ನ್ಯೂಯಾರ್ಕ್ ನಗರ ತಕ್ಕ ಕ್ಷೇತ್ರ. ಅಲ್ಲಿಯ ಶುಲ್ಕರಹಿತ ಸಾರ್ವಜನಿಕ ಪ್ರೌಢಶಾಲೆಗಳಲ್ಲಿ ಎಂಟು ಶಾಲೆಗಳು ಒಂದೇ ಒಂದು ಪ್ರವೇಶಪರೀಕ್ಷೆಯ ಅಂಕವನ್ನು ಆಧಾರವಾಗಿಟ್ಟು ಮಕ್ಕಳನ್ನು ಆರಿಸಿಕೊಳ್ಳುತ್ತವೆ. 1904ರಲ್ಲಿ ಆರಂಭವಾದ ಸ್ಟೈವೆಸೆಂಟ್, 1922ರ ಬ್ರೂಕ್ಲಿನ್ ಟೆಕ್, 1938ರ ಬ್ರಾಂಕ್ಸ್ ಸೈನ್ಸ್ ಇವುಗಳಲ್ಲಿ ಹಿರಿಯವು. ಈ ಮೂರರ ಪ್ರವೇಶಕ್ಕೆ ಪರೀಕ್ಷೆಯೇ ಪ್ರಮಾಣವೆಂದು 1971ರಲ್ಲಿ ಆ ರಾಜ್ಯದ ಶಾಸನಸಭೆ ಕಾನೂನನ್ನೇ ಮಾಡಿತು. ಈಚಿನ ವರ್ಷಗಳಲ್ಲಿ ಸುಮಾರು 25 ಸಾವಿರ ಮಕ್ಕಳು ಪರೀಕ್ಷೆಗೆ ಕುಳಿತರೆ ಸ್ಥಾನ ದೊರೆಯುವುದು ಸುಮಾರು 4 ಸಾವಿರ ಮಂದಿಗೆ. ಬರೆಯುವವರು ಹದಿಮೂರು ಹದಿನಾಲ್ಕರ ಎಳೆಯರು.

ಈ ಶಾಲೆಗಳ ಕೀರ್ತಿ ಸಾಮಾನ್ಯವಾದುದಲ್ಲ. 1979ರ ಭೌತಶಾಸ್ತ್ರದ ನೊಬೆಲ್ ಪಾರಿತೋಷಕವನ್ನು ಅಬ್ದುಸ್ ಸಲಾಂ ಅವರೊಡನೆ ಹಂಚಿಕೊಂಡ ಸ್ಟೀವನ್ ವೈನ್‌ಬರ್ಗ್ ಹಾಗೂ ಶೆಲ್ಡನ್ ಗ್ಲಾಷೋ ಇಬ್ಬರೂ ಬ್ರಾಂಕ್ಸ್ ಸೈನ್ಸ್ ಶಾಲೆಯಿಂದ 1950ರಲ್ಲಿ ಹೊರಬಂದ ಸಹಪಾಠಿಗಳು! ಇಂಥ ಯಾದಿಯನ್ನು ಕಂಡ ತಂದೆತಾಯಿಗಳು ತಮ್ಮ ಮಗುವನ್ನೂ ಆ ಬಾಗಿಲೊಳಗೆ ಹೇಗಾದರೂ ನುಗ್ಗಿಸಬೇಕೆಂದು ಹಂಬಲಿಸಿದರೆ ಆಶ್ಚರ್ಯವಿಲ್ಲ. ಸ್ಟೈವೆಸೆಂಟ್‌ನಲ್ಲಿ ಇಂದು ಅರ್ಧಕ್ಕಿಂತ ಹೆಚ್ಚಿನವರು ಏಷ್ಯಾ ಮೂಲದ ಮಕ್ಕಳು. ಆದುದರಿಂದ ಈ ಹಂಬಲ ನಮಗೆ ತೀರ ಅಪರಿಚಿತವಾದುದೇನೂ ಅಲ್ಲ.

ಬಿ.ಕಾಂ. ಮುಗಿಸಿ ಗಲ್ಲೆಯ ಮೇಲೆ ಕುಳಿತ ನನ್ನಂಥವನಿಗೆ ಇಲ್ಲಿ ಒಂದು ಸಂದೇಹ ಬರುತ್ತದೆ. ಏಲಕ್ಕಿಯನ್ನು ಜರಡಿಯಾಡಿಸಿದಾಗ ದಪ್ಪಕಾಯಿ ಮೇಲೆ ಉಳಿಯುತ್ತದೆ, ಸಣ್ಣದು ಕೆಳಗೆ ಬೀಳುತ್ತದೆ. ಮೇಲೆ ಉಳಿದುದನ್ನು ತೋರಿಸಿ, "ನೋಡಿ, ನಮ್ಮ ಜರಡಿ ಕಾಯಿಯನ್ನು ಎಷ್ಟು ದಪ್ಪ ಮಾಡಿದೆ!" ಎಂದು ಯಾವ ವ್ಯಾಪಾರಿಯಾದರೂ ಹೇಳಿದರೆ ಗಿರಾಕಿ ನಕ್ಕುಬಿಡುತ್ತಾನೆ. ಶಾಲೆ ಅದೇ ಮಾತನ್ನಾಡಿದರೆ ಮಾತ್ರ ನಾವು ಕೈಮುಗಿಯುತ್ತೇವೆ. ಅಸಲೆಷ್ಟು, ಬಡ್ಡಿಯೆಷ್ಟು ಎಂದು ಬೇರ್ಪಡಿಸದೆ ಬರೆದ ಲೆಕ್ಕ ಲೆಕ್ಕವೇ ಅಲ್ಲ.

ಬೇರ್ಪಡಿಸುವ ಉಪಾಯವೊಂದನ್ನು ಅರ್ಥಶಾಸ್ತ್ರಜ್ಞರು ಕಂಡುಕೊಂಡಿದ್ದಾರೆ. ಅದು ಬಹಳ ಸರಳ. ಪ್ರವೇಶಕ್ಕೆ ನಿಗದಿಯಾದ ಗೆರೆಯ ಮೇಲೆ ಒಂದೆರಡು ಅಂಕದಿಂದ ದಾಟಿದ ಮಗುವಿಗೂ ಒಂದೆರಡು ಅಂಕದಿಂದ ತಪ್ಪಿಹೋದ ಮಗುವಿಗೂ ಬುದ್ಧಿಯಲ್ಲಾಗಲಿ ಪರಿಶ್ರಮದಲ್ಲಾಗಲಿ ಹೇಳಿಕೊಳ್ಳುವಂಥ ಅಂತರವಿಲ್ಲ. ಆ ದಿನದ ಒಂದು ಲೆಕ್ಕ, ಒಂದು ಆಲಸ್ಯ, ಒಂದು ಅದೃಷ್ಟ, ಇಷ್ಟೇ. ಆದರೆ ಒಬ್ಬ ಒಳಗೆ ಹೋಗುತ್ತಾನೆ, ಇನ್ನೊಬ್ಬ ಹೊರಗೆ ಉಳಿಯುತ್ತಾನೆ. ವರ್ಷಗಳ ನಂತರ ಈ ಎರಡು ಗುಂಪುಗಳನ್ನು ಹೋಲಿಸಿದರೆ ಶಾಲೆ ಸ್ವತಃ ಸೇರಿಸಿದ್ದೆಷ್ಟು ಎಂಬುದು ಹೊರಬೀಳುತ್ತದೆ.

2014ರಲ್ಲಿ ವಿಲ್ ಡಾಬಿ ಮತ್ತು ರೋಲ್ಯಾಂಡ್ ಫ್ರೈಯರ್ ಆ ಮೂರು ಹಿರಿಯ ಶಾಲೆಗಳ ವಿಷಯದಲ್ಲಿ ಇಂಥ ಹೋಲಿಕೆಯನ್ನು ಪ್ರಕಟಿಸಿದರು. ಒಳಗೆ ಹೋದವರು ಹೆಚ್ಚು ಕಠಿಣವಾದ ಪಾಠಗಳನ್ನು ಓದಿದ್ದರು, ಉನ್ನತ ದರ್ಜೆಯ ಪ್ರೌಢಶಾಲಾ ಪ್ರಮಾಣಪತ್ರವನ್ನೂ ಹೆಚ್ಚಾಗಿ ಪಡೆದಿದ್ದರು. ಆದರೆ ಕಾಲೇಜು ಸೇರುವುದರಲ್ಲಿ, ಅದನ್ನು ಮುಗಿಸುವುದರಲ್ಲಿ, ಸೇರಿದ ಕಾಲೇಜಿನ ದರ್ಜೆಯಲ್ಲಿ ಎರಡು ಗುಂಪುಗಳ ನಡುವೆ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಅದೇ ವರ್ಷ ಅಬ್ದುಲ್‌ಕಾದಿರೋಗ್ಲು, ಆಂಗ್ರಿಸ್ಟ್, ಪಾಠಕ್ ಎಂಬ ಮೂವರು ಬಾಸ್ಟನ್ ಮತ್ತು ನ್ಯೂಯಾರ್ಕ್ ಎರಡೂ ನಗರಗಳ ಶಾಲೆಗಳನ್ನು ಪರಿಶೀಲಿಸಿ ಬಹುಪಾಲು ಇದೇ ನಿರ್ಣಯಕ್ಕೆ ಬಂದರು. ಅವರ ಪ್ರಬಂಧದ ಶೀರ್ಷಿಕೆಯಲ್ಲಿಯೇ ಭ್ರಮೆ ಎಂಬರ್ಥದ ಪದವಿದೆ. (ಆಂಗ್ರಿಸ್ಟ್ ಅವರಿಗೆ 2021ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಗೌರವದಲ್ಲಿ ಪಾಲು ದೊರೆಯಿತು, ಹಗುರವಾಗಿ ಮಾತನಾಡುವವರಲ್ಲ.)

ಆದರೆ ಇದರಿಂದ ಹೆಚ್ಚಿನದನ್ನು ಎಳೆದು ತೆಗೆಯಬಾರದು. ಈ ಹೋಲಿಕೆ ಗೆರೆಯ ಆಚೆ ಈಚೆ ನಿಂತವರದು. ಬಹಳ ಎತ್ತರದಲ್ಲಿದ್ದ ವೈನ್‌ಬರ್ಗನಂಥವನು ಬೇರೆ ಶಾಲೆಯಲ್ಲಿ ಓದಿದ್ದರೆ ಏನಾಗುತ್ತಿದ್ದನೆಂಬುದನ್ನು ಅದು ಹೇಳಲಾರದು. ಸ್ಟೈವೆಸೆಂಟ್ ತಪ್ಪಿದ ಎಷ್ಟೋ ಮಕ್ಕಳು ಇನ್ನೊಂದು ಪರೀಕ್ಷಾಶಾಲೆಗೇ ಹೋಗುತ್ತಾರೆಂಬುದೂ ನೆನಪಿರಬೇಕು. ನಿಮಿತ್ತಕ್ಕೆ ಬೆಲೆಯೇ ಇಲ್ಲವೆನ್ನುವುದು ಇನ್ನೊಂದು ಬಗೆಯ ಏಕಾಂತವಾದವಾದೀತು.

ಷಿಕಾಗೋ ನಗರದ ವೃತ್ತಾಂತ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದೆ. ಅಲ್ಲಿಯ ಆಯ್ದ ಪ್ರೌಢಶಾಲೆಗಳಲ್ಲಿ ಸುಮಾರು ಹದಿನೈದು ವರ್ಷಗಳಿಂದ ಶೇಕಡಾ 30 ಸ್ಥಾನಗಳನ್ನು ಅಂಕದ ಮೇಲೆಯೇ ಕೊಟ್ಟು, ಉಳಿದುದನ್ನು ನಗರದ ಬಡಾವಣೆಗಳ ಸ್ಥಿತಿಗತಿಯನ್ನು ನೋಡಿ ನಾಲ್ಕು ವರ್ಗಗಳಿಗೆ ಸಮನಾಗಿ ಹಂಚುವ ಕ್ರಮವನ್ನು ಅನುಸರಿಸಲಾಯಿತು. ಉದ್ದೇಶ ಸ್ತುತ್ಯವಾದುದು. ಆದರೆ 2020ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಬಡ ಬಡಾವಣೆಗಳಿಂದ ಗೆರೆ ದಾಟಿ ಬಂದ ಮಕ್ಕಳಿಗೆ ತರಗತಿಯ ಅಂಕಗಳು ಕಡಮೆಯಾದವು, ಶ್ರೇಷ್ಠ ಕಾಲೇಜು ಸೇರುವ ಸಂಭವವೂ ಕುಗ್ಗಿತು. ಕಾರಣ ಊಹಿಸಲಾಗದ್ದಲ್ಲ. ಸಾಧಾರಣ ಶಾಲೆಯಲ್ಲಿ ಮುಂದಿನ ಸಾಲಿನಲ್ಲಿ ಇರಬೇಕಾದವನು ಇಲ್ಲಿ ಹಿಂದಿನ ಸಾಲಿನವನಾದ. ಅಮೆರಿಕದ ಕಾಲೇಜುಗಳೋ ತರಗತಿಯ ಅಂಕಗಳಿಗೆ ಬಹಳ ತೂಕ ಕೊಡುತ್ತವೆ. ಹಾಗಿದ್ದೂ ಅಲ್ಲಿಯ ಆಯ್ದ ಶಾಲೆಗಳ ಮಕ್ಕಳು ತಮ್ಮ ಗೆಳೆಯರ, ಗುರುಗಳ, ಶಾಲೆಯೊಳಗಿನ ನಿರ್ಭಯದ ವಿಷಯದಲ್ಲಿ ಹೊರಗುಳಿದವರಿಗಿಂತ ಹೆಚ್ಚು ತೃಪ್ತಿಯನ್ನು ವ್ಯಕ್ತಪಡಿಸಿದ್ದರು. ನಾಲ್ಕು ವರ್ಷ ಹೆದರದೆ ಓದಿದ್ದು ಕಾಲೇಜಿನ ಪಟ್ಟಿಯಲ್ಲಿ ಕಾಣಿಸದು. ಆದರೆ ಅದು ಲಾಭವಲ್ಲವೆಂದು ಯಾರು ಹೇಳಬಲ್ಲರು?

ನ್ಯೂಯಾರ್ಕಿನಲ್ಲಿ ವ್ಯಾಜ್ಯ ಇನ್ನೂ ಬೇರೆ ದಾರಿಯಲ್ಲಿ ನಡೆದಿದೆ. 2018ರಲ್ಲಿ ಅಂದಿನ ಮೇಯರ್ ಈ ಪರೀಕ್ಷೆಯನ್ನೇ ತೆಗೆದುಹಾಕಬೇಕೆಂದು ಸೂಚಿಸಿದರು, ರಾಜ್ಯದ ಶಾಸನಸಭೆ ಒಪ್ಪಲಿಲ್ಲ. ಮರುವರ್ಷ ಸ್ಟೈವೆಸೆಂಟ್ ಕೊಟ್ಟ 895 ಸ್ಥಾನಗಳಲ್ಲಿ ಕಪ್ಪುಜನಾಂಗದ ಮಕ್ಕಳಿಗೆ ಸಿಕ್ಕಿದ್ದು ಕೇವಲ 7. ಈ ಸಂಖ್ಯೆ ಯಾವ ಸಮಾಜವನ್ನೂ ಕಳವಳಗೊಳಿಸಬೇಕಾದುದು. ಸಾರ್ವಜನಿಕ ಹಣದಿಂದ ನಡೆಯುವ ಶಾಲೆಯ ಬಾಗಿಲು ಯಾರಿಗೆ ತೆರೆಯಬೇಕೆಂಬ ಪ್ರಶ್ನೆ ನ್ಯಾಯದ ಪ್ರಶ್ನೆಯೇ ಹೌದು. ಆದರೆ ಪರೀಕ್ಷೆ ಇರಲಿ ಎಂದವರೂ ಬೇಡ ಎಂದವರೂ ಆ ಬಾಗಿಲೇ ಭಾಗ್ಯದ್ವಾರವೆಂದು ಸಮಾನವಾಗಿ ನಂಬಿದ್ದರು. ಅದರ ಹೊರಗೆ ಓದುವ ಬಹುಸಂಖ್ಯೆಯ ಮಕ್ಕಳ ಶಾಲೆಗಳಿಗೆ ಏನಾಗಬೇಕೆಂಬ ಚರ್ಚೆ ಆ ಗದ್ದಲದಲ್ಲಿ ಹಿಂದೆ ಸರಿಯಿತು.

ನನ್ನ ದೃಷ್ಟಿಯಲ್ಲಿ ನಿಜವಾದ ಹಿಂಸೆ ನಡೆಯುವುದು ಫಲಿತಾಂಶ ಬಂದ ದಿನ, ಗೆರೆಯ ಕೆಳಗೆ ಉಳಿದ ಮಗುವಿನ ಮನೆಯಲ್ಲಿ. ಯಾರೂ ಕೈಯೆತ್ತಿರುವುದಿಲ್ಲ, ಬಹುಶಃ ಗಟ್ಟಿಯಾಗಿ ಗದರಿಯೂ ಇರುವುದಿಲ್ಲ. ತಂದೆ ಮೌನವಾಗಿ ಪತ್ರವನ್ನು ಮಡಿಸಿಡುತ್ತಾನೆ. ಹದಿಮೂರು ವರ್ಷದ ಜೀವ ಆ ಮೌನದಿಂದಲೇ ತನ್ನ ಬಗೆಗೆ ಒಂದು ತೀರ್ಪನ್ನು ಓದಿಕೊಳ್ಳುತ್ತದೆ. ಆ ತಂದೆಗೆ ಆ ದಿನ ಹೇಳಲು ಒಂದು ಸತ್ಯವಾದ ಮಾತಿದೆ. ಅದು ಬರಿಯ ಸಮಾಧಾನವಲ್ಲ, ಲೆಕ್ಕ ಹಾಕಿ ನೋಡಿದ ಮಾತು. ನಿನ್ನಷ್ಟೇ ಬಲ್ಲ ಒಬ್ಬ ಹುಡುಗ ಇಂದು ಆ ಶಾಲೆಗೆ ಹೊರಟಿದ್ದಾನೆ, ನಾಲ್ಕು ವರ್ಷದ ಮೇಲೆ ನೀವಿಬ್ಬರೂ ಒಂದೇ ಕಾಲೇಜಿನಲ್ಲಿ ಭೇಟಿಯಾದರೂ ಆದೀರಿ.