ಧರ್ಮದ ಪಾಠಕ್ಕೆ ಚಪ್ಪಲಿ ಬಿಡಬೇಕೆ?

ವಿಶ್ವವಿದ್ಯಾಲಯದಲ್ಲಿ ಧರ್ಮವನ್ನೂ ಒಂದು ವಿಷಯವಾಗಿ ಓದಬೇಕು ಅಂದರೆ ನಮ್ಮ ವಿದ್ಯಾರ್ಥಿಗಳಿಂದ ಮೂರು ಮಾತು ಬರುತ್ತವೆ. "ಅದನ್ನ ಓದಿದ್ರೆ ಕೆಲಸ ಸಿಗತ್ತಾ?" ಅನ್ನುವವರು ಕೆಲವರು. "ದೇವರ ವಿಷಯ, ಪ್ರಶ್ನೆ ಮಾಡಬಾರದು" ಅನ್ನುವವರು ಇನ್ನು ಕೆಲವರು. "ಅದೆಲ್ಲ ಪುರೋಹಿತರ ಕಂತೆ, ನಮಗ್ಯಾಕೆ?" ಅನ್ನುವವರು ಮೂರನೆಯವರು. ಈ ಮೂರನೆಯವರು ನಮ್ಮವರು. ಅವರ ಸಿಟ್ಟು ನ್ಯಾಯವಾದದ್ದು, ತೀರ್ಮಾನ ಸರಿಯಲ್ಲ.

ಧರ್ಮ ನಮಗೆ ಬೇಕಾದರೆ ಹಿಡಿಯುವ, ಬೇಡವಾದರೆ ಬಿಡುವ ವಸ್ತುವಾಗಿರಲೇ ಇಲ್ಲ. ಕೇರಿ ಎಲ್ಲಿರಬೇಕು, ಯಾವ ಬಾವಿ ಮುಟ್ಟಬಾರದು, ಸತ್ತ ದನ ಯಾರು ಹೊರಬೇಕು ಎಲ್ಲಕ್ಕೂ ಅದರ ಹೆಸರೇ ಹೇಳಿದರು. ನಾವು ಅದನ್ನು ಓದದೆ ಬಿಟ್ಟರೂ ಅದು ನಮ್ಮನ್ನು ಬಿಡಲಿಲ್ಲ.

ಬಸವನಗುಡಿಯ ನ್ಯಾಷನಲ್ ಕಾಲೇಜಿನ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ವೈಸ್ ಛಾನ್ಸಲರ್ ಆಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸಲು ಸಮಿತಿ ಮಾಡಿದರು. ದೊಡ್ಡ ಕೆಲಸ. ಆದರೆ ಕೈಯಲ್ಲಿ ಬೂದಿ ಎಲ್ಲಿಂದ ಬಂತು ಅನ್ನುವುದಕ್ಕೆ ವಿಜ್ಞಾನ ಸಾಕು. ಒಬ್ಬನ ನೆರಳು ಮೈಲಿಗೆ ಅನ್ನುವ ನಂಬಿಕೆ ಎಲ್ಲಿಂದ ಬಂತು, ಅದರಿಂದ ಯಾರ ಕಣಜ ತುಂಬಿತು? ಇದಕ್ಕೆ ಧರ್ಮದ ಚರಿತ್ರೆಯನ್ನೇ ಓದಬೇಕು.

ಅಂಬೇಡ್ಕರ್ ಅವರಿಗೆ ಶಾಲೆಯಲ್ಲಿ ಸಂಸ್ಕೃತ ಕಲಿಯಲು ಬಿಡಲಿಲ್ಲ, ಪರ್ಷಿಯನ್ ತೆಗೆದುಕೊಳ್ಳಬೇಕಾಯಿತು. ಮುಂದೆ ಸಂಸ್ಕೃತವನ್ನು ತಾವೇ ಕಲಿತರು, ಶಾಸ್ತ್ರಗಳನ್ನು ಜಾಲಾಡಿದರು. 1927ರ ಡಿಸೆಂಬರ್ 25ರಂದು ಮಹಾಡಿನಲ್ಲಿ ಮನುಸ್ಮೃತಿಯನ್ನು ಸುಟ್ಟದ್ದು ಅದರೊಳಗೆ ಏನಿದೆ ಎಂದು ಗೊತ್ತಿದ್ದೇ. ಹಿಂದೂವಾಗಿ ಸಾಯುವುದಿಲ್ಲ ಎಂದು 1935ರಲ್ಲಿ ಸಾರಿ, ಬೌದ್ಧರಾದದ್ದು 1956ರಲ್ಲಿ. ನಡುವಿನ 21 ವರ್ಷ ಓದಿದರು, ತೂಗಿ ನೋಡಿದರು.

ಇವತ್ತು ಚಾಮರಾಜಪೇಟೆಯಲ್ಲಿ 2010ರಲ್ಲಿ ಹುಟ್ಟಿದ ಸಂಸ್ಕೃತ ವಿಶ್ವವಿದ್ಯಾಲಯವಿದೆ. ಇಂಥ ಕಡೆ ಕೇರಿಯ ಹುಡುಗ ಹೋಗಿ ಕೂತರೆ ಯಾವ ಕಾನೂನೂ ತಡೆಯುವುದಿಲ್ಲ. ಆದರೆ ಎಲ್ಲೇ ಆಗಲಿ, ಕೂರಲು ಜಾಗ ಸಿಕ್ಕರೆ ಸಾಲದು. ಎದ್ದು ನಿಂತು ಕೇಳುವ ಹಕ್ಕೂ ಬೇಕು. ಸಂವಿಧಾನದ 28ನೇ ವಿಧಿ, ಪೂರ್ತಿ ಸರ್ಕಾರದ ಹಣದಲ್ಲಿ ನಡೆಯುವ ವಿದ್ಯಾಸಂಸ್ಥೆಗಳಲ್ಲಿ ಧರ್ಮಬೋಧೆ ಕೂಡದು ಅನ್ನುತ್ತದೆ. ಧರ್ಮವನ್ನು ಬೋಧಿಸುವುದು ಬೇರೆ, ಧರ್ಮಗಳ ಬಗ್ಗೆ ಕಲಿಸುವುದು ಬೇರೆ ಎಂದು 1964-66ರ ಕೊಠಾರಿ ಆಯೋಗ ಬಿಡಿಸಿ ಹೇಳಿತು. ಗುಡಿಗೆ ಹೋಗುವವನು ಚಪ್ಪಲಿ ಬಿಟ್ಟು ಹೋಗಲಿ. ತರಗತಿಗೆ ಮೆಟ್ಟಿಕೊಂಡೇ ಬರಬೇಕು.

ಆದರೆ ಕೇಳುವವನಿಗೂ ಒಂದು ನೀತಿ ಉಂಟು. ಪಕ್ಕದಲ್ಲಿ ಕೂತ, ನಂಬುವ ಹುಡುಗಿಯನ್ನು ಗೇಲಿ ಮಾಡುವುದು ಓದಲ್ಲ. ಮನುವಿಗೆ ಹಾಕಿದ ಪ್ರಶ್ನೆಯನ್ನು ನಮ್ಮ ಮಾರಮ್ಮನಿಗೂ, ಬಸವಣ್ಣನಿಗೂ, ಬುದ್ಧನಿಗೂ ಹಾಕಬೇಕು. ಅಂಬೇಡ್ಕರ್ ಬುದ್ಧನನ್ನು ಒಪ್ಪಿಕೊಂಡೂ ಅವನು ಮನೆ ಬಿಟ್ಟ ಹಳೆಯ ಕಥೆಯನ್ನು ಒಪ್ಪಲಿಲ್ಲ. 1957ರಲ್ಲಿ ಅಚ್ಚಾದ ಅವರ ಬುದ್ಧನ ಪುಸ್ತಕದಲ್ಲಿ ಇದು ಇದೆ.

ಗೆಳೆಯರೇ, ಆ ಬೆಂಚನ್ನು ಖಾಲಿ ಬಿಡಬೇಡಿ. ನೀವು ಎದ್ದು ಹೋದಿರೆಂದು ಪಾಠವೇನೂ ನಿಲ್ಲುವುದಿಲ್ಲ. ನಮ್ಮ ಬಗ್ಗೆಯೇ, ನಾವಿಲ್ಲದೆ ನಡೆಯುತ್ತದೆ.